ಮೊದಲು ನಿದ್ದೆ ಬರಲಿ, ಅರ್ಥ ಆಮೇಲೆ

ಸಾವಿನ ಮನೆಗೆ ಮಾತಾಡಿಸಲು ಬಂದವರು ಆಡುವ ಒಂದು ಮಾತಿಗೆ ನನ್ನ ತಕರಾರಿದೆ. ‘ದೇವರು ಏನರ ಒಳ್ಳೇದಕ್ಕೇ ಮಾಡಿರ್ತಾನ.’ 1998ರಲ್ಲಿ ಔರಾದ್ ತಾಲ್ಲೂಕಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಬಂದವರೆಲ್ಲ ಇದನ್ನೇ ಹೇಳಿ ಹೋದರು. ಅಪ್ಪ ಸಾಲಕ್ಕೆ ಹೆದರಿ ಜೀವ ಕಳೆದುಕೊಂಡಿದ್ದ. ನಾನು ಏಳನೇ ಕ್ಲಾಸು. ಅದರಲ್ಲಿ ಒಳ್ಳೆಯದು ಯಾವುದೆಂದು ಇವತ್ತಿಗೂ ಯಾರೂ ಬಿಡಿಸಿ ಹೇಳಿಲ್ಲ.

ಆಗ ಬೀದರ್ ಜಿಲ್ಲೆಯಲ್ಲಿ ಅಂಥ ಮನೆ ನಮ್ಮದೊಂದೇ ಆಗಿರಲಿಲ್ಲ. ತೊಗರಿಗೆ ಕಾಯಿಕೊರಕ ಬಿದ್ದಿತ್ತು. ಎಣ್ಣೆ ಹೊಡೆದರೂ ಹುಳ ಸಾಯಲಿಲ್ಲ, ಉದ್ರಿ ಬೆಳೆಯಿತು. ನಮಗೆ ಬೀಜ, ಎಣ್ಣೆ, ಸಾಲ, ಸಲಹೆ ನಾಲ್ಕೂ ಒಂದೇ ಅಂಗಡಿಯಿಂದ ಬರುತ್ತಿದ್ದವು. ಸಮಾಜಶಾಸ್ತ್ರಜ್ಞೆ ಎ.ಆರ್. ವಾಸವಿ 1999ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬೀದರಿನ ಈ ಸಾವುಗಳ ಬಗ್ಗೆ ಬರೆದಾಗ ಮಾರುಕಟ್ಟೆಯನ್ನೂ ಸರ್ಕಾರವನ್ನೂ ಲೆಕ್ಕಕ್ಕೆ ಹಿಡಿದರು. ನಮ್ಮ ಪಡಸಾಲೆಯಲ್ಲಿ ಮಾತ್ರ ಎಲ್ಲವೂ ಹಣೆಬರಹದ ಖಾತೆಗೇ ಜಮಾ ಆಯಿತು.

ಅವ್ವ ಕೂಲಿ ಮಾಡಿ ಮೂವರನ್ನು ಓದಿಸಿದಳು. ಈಗ ಊರವರು ಹೊಗಳುತ್ತಾರೆ: ಕಷ್ಟವೇ ಆಕೆಯನ್ನು ಗಟ್ಟಿ ಮಾಡಿತಂತೆ. ಈ ಹೊಗಳಿಕೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರೂ ಕಷ್ಟಪಟ್ಟರು. ಆದರೆ ಆ ಕಷ್ಟವನ್ನು ಅವರೇ ಆರಿಸಿಕೊಂಡದ್ದು. ಅವ್ವನ ಮೇಲೆ ಅದು ಬಂದು ಬಿದ್ದದ್ದು. ಸಾಲ ಮನ್ನಾ ಆಗಿದ್ದರೆ ಆಕೆ ಗಟ್ಟಿಯಾಗದೆಯೇ ಸುಖವಾಗಿರುತ್ತಿದ್ದಳು.

ಭಾಲ್ಕಿಯಲ್ಲಿ ಹೈಸ್ಕೂಲ್ ಶಿಕ್ಷಕಿಯಾದ ಮೇಲೆ ನನಗೆ ನಿದ್ದೆ ಕೆಟ್ಟಿತು. ಒಂದು ಕಡೆ ತೋರಿಸಿದೆ. ಹೆಸರು, ವಯಸ್ಸು ಕೇಳಿ ಗುಳಿಗೆ ಬರೆದರು. ಗುಳಿಗೆಯನ್ನು ನಾನು ಹೀಗಳೆಯುವುದಿಲ್ಲ, ರಾತ್ರಿ ಕಳೆಯಿತು. ಆಮೇಲೆ ಬೀದರಿನಲ್ಲಿ ಒಬ್ಬ ಆಪ್ತಸಮಾಲೋಚಕಿ ಸಿಕ್ಕರು. ಅಪ್ಪ ಹೇಗೆ ಸತ್ತನೆಂದು ಅವರು ಕೇಳಲಿಲ್ಲ. ಸಂಜೆ ಹೊತ್ತು ಏನು ಮಾಡುತ್ತಿದ್ದ ಎಂದು ಕೇಳಿದರು. ಕಟ್ಟೆಯ ಮೇಲೆ ಕೂತು ಹಳೆಯ ಮರಾಠಿ ಪೇಪರು ಜೋರಾಗಿ ಓದುತ್ತಿದ್ದ, ಓದಿದ್ದನ್ನು ನಡುನಡುವೆ ನಿಲ್ಲಿಸಿ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ, ತನಗೆ ಬೇಸರವಾದ ಸುದ್ದಿಯ ಕೊನೆಯನ್ನು ಬದಲಿಸಿಯೇ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ನಾನು ನಕ್ಕೆ. ಅಷ್ಟು ವರ್ಷ ನಮ್ಮ ಮನೆಯಲ್ಲಿ ಅಪ್ಪನಿಗೆ ಸಾವಷ್ಟೇ ಇತ್ತು. ಬದುಕಿದ್ದನ್ನು ಯಾರೂ ಕೇಳಿರಲಿಲ್ಲ. ನಾನು ಮಾಸ್ತರಕಿಗೆ ಯಾಕೆ ಬಂದೆ ಎಂಬುದೂ ಆ ಕುರ್ಚಿಯಲ್ಲಿ ಕೂತಾಗಲೇ ಹೊಳೆಯಿತು. ಅವರು ಹೇಳಿಕೊಟ್ಟದ್ದಲ್ಲ.

ಭಾಷಣಗಳಲ್ಲಿ ಈಗ ವಿಕ್ಟರ್ ಫ್ರಾಂಕ್ಲ್ ಹೆಸರು ಕೇಳಿಬರುತ್ತದೆ. ವಿಯೆನ್ನಾದ ಮನೋವೈದ್ಯ, 1942ರಿಂದ 1945ರವರೆಗೆ ನಾಜಿ ಶಿಬಿರಗಳಲ್ಲಿದ್ದು ತಂದೆ, ತಾಯಿ, ಸಹೋದರ, ಹೆಂಡತಿಯನ್ನು ಕಳೆದುಕೊಂಡವನು. ನೋವಿನಲ್ಲೂ ಮನುಷ್ಯ ಅರ್ಥ ಕಂಡುಕೊಳ್ಳಬಲ್ಲ ಎಂದ. ಭಾಷಣಕಾರರು ಇಷ್ಟಕ್ಕೇ ನಿಲ್ಲಿಸುತ್ತಾರೆ. ತಪ್ಪಿಸಬಹುದಾದ ನೋವನ್ನು ಸುಮ್ಮನೆ ಸಹಿಸುವುದು ಶೌರ್ಯವಲ್ಲ, ಮೊದಲು ಅದರ ಕಾರಣ ತೆಗೆದುಹಾಕಬೇಕು ಎಂದೂ ಆತ ಬರೆದಿದ್ದಾನೆ. ಅದಕ್ಕಿಂತ ನನಗೆ ದೊಡ್ಡದೆನಿಸುವುದು ಶಿಬಿರಗಳಿಗೂ ಮುಂಚೆ, 1920ರ ದಶಕದ ಕೊನೆಯಲ್ಲಿ ಆತ ಶುರುಮಾಡಿದ ಕೆಲಸ. ವಿಯೆನ್ನಾದಲ್ಲಿ ಹುಡುಗ ಹುಡುಗಿಯರಿಗೆ ಪುಕ್ಕಟೆ ಸಲಹಾ ಕೇಂದ್ರಗಳನ್ನು ನಡೆಸಿದ, ಅಂಕಪಟ್ಟಿ ಕೊಡುವ ದಿನಗಳಲ್ಲಿ ಅವರ ಕಡೆ ವಿಶೇಷ ಲಕ್ಷ್ಯ ಕೊಟ್ಟ.

ನೀಟ್ ಕೋಚಿಂಗಿಗೆಂದು ಎಲ್ಲೆಲ್ಲಿಂದಲೋ ಮಕ್ಕಳು ಬರುವ ಬೀದರಿಗೆ ಇದು ಹೊಸ ಮಾತಾಗಬಾರದು. ಫಲಿತಾಂಶದ ದಿನ ನಮ್ಮಲ್ಲಿ ಪೇಢೆ ಹಂಚುವವರಿದ್ದಾರೆ, ಫೇಲಾದವರ ಹತ್ತಿರ ಕೂರುವವರಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕೆಂದಿದೆ. 2022ರ ಅಕ್ಟೋಬರಿನಿಂದ ಟೆಲಿ ಮನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಫೋನ್ ಮಾಡಬಹುದು. ಮಾಡಿ, ಹಿಂಜರಿಯಬೇಡಿ. ಆದರೆ ಅತ್ತೆ, ಮಾವ, ಮಕ್ಕಳು ಎಲ್ಲರೂ ಇರುವ ಒಂದೇ ಖೋಲಿಯ ಮನೆಯಲ್ಲಿ ಸೊಸೆ ಫೋನ್ ಹಿಡಿದು ತನ್ನ ಸಂಕಟ ಹೇಗೆ ಹೇಳಿಯಾಳು? ವಾರಕ್ಕೊಮ್ಮೆ ಬರುವ ವೈದ್ಯರ ಮುಂದೆ ಸರದಿ ನಿಂತವನಿಗೆ ಎಷ್ಟು ನಿಮಿಷ ಸಿಕ್ಕೀತು? ಭಾಲ್ಕಿ, ಔರಾದ್ ಆಸ್ಪತ್ರೆಗಳಲ್ಲಿ ದಿನಾಲೂ ಒಂದು ಬಾಗಿಲು ಹಾಕಿದ ಖೋಲಿ, ಒಳಗೆ ಕೇಳುವ ಒಬ್ಬರು ಇರಬೇಕು. ಅವರಿಗೆ ಕನ್ನಡ ಒಂದೇ ಬಂದರೆ ಸಾಲದು. ಔರಾದಿನ ಕಡೆ ಹೆಂಗಸರು ಅಳುವುದು ಮರಾಠಿಯಲ್ಲಿ, ಲಂಬಾಣಿಯಲ್ಲಿ, ಉರ್ದುವಿನಲ್ಲಿ ಕೂಡ.

ಅವ್ವನ ತವರು ಮಹಾರಾಷ್ಟ್ರದ ಉದಗೀರ ಕಡೆ. ಆಕೆಗೆ ಇನ್ನೂ ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ. ಬೀದರಿಗೆ ಬಾ, ನಾನು ತೋರಿಸಿಕೊಂಡ ಬಾಯಾರ ಹತ್ತಿರ ಹೋಗೋಣ ಎಂದು ಮೊನ್ನೆ ಕರೆದೆ. ಹುಚ್ಚರ ದವಾಖಾನಿಗೆ ನಾ ಬರಂಗಿಲ್ಲ ಎಂದು ಬೈಯುತ್ತಾಳೆಂದುಕೊಂಡಿದ್ದೆ.

‘ಬರ್ತೀನಿ ತಗೋ,’ ಅಂದಳು. ‘ಆದ್ರ ಆಕೀಗಿ ಮರಾಠಿ ಬರ್ತದೇನು, ಮೊದಲ ಕೇಳು.’