ಅಗ್ಗದ ಮಂಗಳವಾರಕ್ಕೆ ಕಾಯುವ ನಾವು

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳ ಕನ್ನಡ ಮನೆಗಳಲ್ಲಿ ಹೊಸ ಕನ್ನಡ ಚಿತ್ರವೊಂದರ ಮಾತು ಬಂದಾಗಲೆಲ್ಲ ಒಂದೇ ಉತ್ತರ ಕೇಳಿಬರುತ್ತದೆ: ‘ಶನಿವಾರ, ಭಾನುವಾರ ದುಬಾರಿ, ಮಂಗಳವಾರ ನೋಡಿದರಾಯಿತು.’ ಇನ್ನೂ ಜಾಣರಾದವರು ‘ಒಂದು ತಿಂಗಳು ತಾಳಿ, ಮನೆಯ ಟಿ.ವಿ.ಗೇ ಬರುತ್ತದೆ’ ಎನ್ನುತ್ತಾರೆ. ನಾವೂ ಹಾಗೆ ಹೇಳಿದವರೇ, ಹಾಗೆ ಕಾದವರೇ. ಈ ಮಿತವ್ಯಯವನ್ನು ಬಹುಕಾಲ ವಿವೇಕವೆಂದು ತಿಳಿದಿದ್ದೆವು. ಕನ್ನಡ ಚಿತ್ರವನ್ನು ಈ ಊರುಗಳಿಂದ ಹೊರಗಟ್ಟುತ್ತಿರುವುದು ಆ ವಿವೇಕವೇ ಎಂಬುದು ನಮ್ಮ ಈಗಿನ ವಾದ.

ಟಿಕೆಟ್ಟಿನ ದರ ಅನ್ಯಾಯದ್ದೆಂಬುದರಲ್ಲಿ ನಮಗೆ ತಕರಾರಿಲ್ಲ. ವಾರಾಂತ್ಯದ ಟಿಕೆಟ್ಟು ₹250 ಎಂದಿಟ್ಟುಕೊಂಡರೂ ನಾಲ್ವರ ಸಂಸಾರಕ್ಕೆ ಒಂದು ಸಾವಿರ. ಆನ್‌ಲೈನಿನಲ್ಲಿ ಕೊಂಡರೆ ಅನುಕೂಲ ಶುಲ್ಕ, ಆ ಶುಲ್ಕದ ಮೇಲೂ ಜಿಎಸ್‌ಟಿ. ಇಂಥ ಶುಲ್ಕವನ್ನು ತಡೆದು ಮಹಾರಾಷ್ಟ್ರ ಸರಕಾರ 2013 ಮತ್ತು 2014ರಲ್ಲಿ ಹೊರಡಿಸಿದ್ದ ಆದೇಶಗಳನ್ನು ಬಾಂಬೆ ಹೈಕೋರ್ಟು 2025ರ ಜುಲೈಯಲ್ಲಿ ರದ್ದುಪಡಿಸಿತು. ಮನೆಯ ಚಕ್ಕುಲಿಯನ್ನು ಒಳಗೆ ಒಯ್ಯುವಂತಿಲ್ಲ; ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಚಿತ್ರಮಂದಿರಕ್ಕಿದೆ, ಕುಡಿಯುವ ನೀರನ್ನು ಮಾತ್ರ ಉಚಿತವಾಗಿ ಕೊಡಬೇಕು ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಹೇಳಿದೆ. (ಆ ನೀರನ್ನು ಕೇಳಿ ಪಡೆಯುವವರನ್ನು ನಾವು ಹೆಚ್ಚು ಕಂಡಿಲ್ಲ.)

ತವರಿನ ಸರಕಾರ 2025ರ ಸೆಪ್ಟೆಂಬರ್ 12ರಂದು ತೆರಿಗೆಯ ಹೊರತು ₹200ರ ಮಿತಿಯನ್ನು ವಿಧಿಸಿದಾಗ ಇಲ್ಲಿಯೂ ಕೆಲವರು ಹಿಗ್ಗಿದರು. ಹನ್ನೊಂದನೆಯ ದಿನವೇ ಕರ್ನಾಟಕ ಹೈಕೋರ್ಟು ಅದಕ್ಕೆ ತಡೆ ನೀಡಿತು. ತಡೆ ಇರಲಿ, ಬಿಡಲಿ, ಆ ಆದೇಶ ನಿಪ್ಪಾಣಿಯಿಂದ ಈಚೆಗೆ ಬರತಕ್ಕದ್ದಲ್ಲ. ಇಲ್ಲಿಯ ಸರಕಾರವಾದರೋ 2015ರಲ್ಲಿ ಮಲ್ಟಿಪ್ಲೆಕ್ಸುಗಳಲ್ಲಿ ಮಧ್ಯಾಹ್ನ 12ರಿಂದ ರಾತ್ರಿ 9ರೊಳಗೆ ಮರಾಠಿ ಚಿತ್ರಕ್ಕೆ ಜಾಗ ಕೊಡಬೇಕೆಂದು ನಿಯಮ ಮಾಡಬೇಕಾಯಿತು. ತನ್ನದೇ ನಾಡಿನಲ್ಲಿ ಮರಾಠಿಗೆ ಈ ಆಸರೆ ಬೇಕಾಗಿರುವಾಗ, ಹೊರನಾಡ ಕನ್ನಡಕ್ಕಾಗಿ ಯಾವ ಮಂತ್ರಾಲಯ ಮಾತನಾಡೀತು? ಇಲ್ಲಿ ಕನ್ನಡ ಚಿತ್ರಕ್ಕಿರುವ ಆಸರೆ ಕುರ್ಚಿಯಲ್ಲಿ ಬಂದು ಕೂರುವ ಪ್ರೇಕ್ಷಕ ಮಾತ್ರ.

ಆ ಕುರ್ಚಿಯ ಲೆಕ್ಕ ನಡೆಯುವುದು ಶುಕ್ರವಾರದಿಂದ ಭಾನುವಾರದವರೆಗೆ. ಕನ್ನಡ ಚಿತ್ರವೊಂದು ನಮ್ಮ ಕಡೆಗೆ ಬಂದರೆ, ಬಹಳವೆಂದರೆ ಒಂದೆರಡು ಮಾಲುಗಳಲ್ಲಿ ದಿನಕ್ಕೊಂದು ಆಟ. ಅದೂ ಬೆಳಗಿನ ಹೊತ್ತು, ಇಲ್ಲವೇ ರಾತ್ರಿ ಹತ್ತರ ನಂತರ. ಡೊಂಬಿವಲಿಯವನಿಗೆ ಸೀವುಡ್ಸಿನಲ್ಲಿ ಆಟವಿದ್ದರೆ ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿಯಬೇಕು. ರಾತ್ರಿಯ ಆಟವಾದರೆ ಮರಳಿ ಬರುವ ಕೊನೆಯ ಲೋಕಲಿನ ಚಿಂತೆ ಮಧ್ಯಂತರದಲ್ಲೇ ಶುರುವಾಗುತ್ತದೆ. ‘ಮಂಗಳವಾರ ನೋಡೋಣ’ ಎಂದು ನಾವೆಲ್ಲ ಮನೆಯಲ್ಲಿ ಉಳಿದ ವಾರಾಂತ್ಯದಲ್ಲಿ ಸಭಾಂಗಣದೊಳಗೆ ಹನ್ನೊಂದು ಮಂದಿ. ಸೋಮವಾರ ಆಟಕ್ಕೆ ಕತ್ತರಿ. ಮುಂದಿನ ಶುಕ್ರವಾರದ ಪಟ್ಟಿಯಲ್ಲಿ ಹೆಸರೇ ಇಲ್ಲ. ದರ ಇಳಿದ ಮಂಗಳವಾರ ನಾವು ಮೊಬೈಲು ತೆರೆದು ಹುಡುಕುತ್ತೇವೆ. ಅಗ್ಗದ ಟಿಕೆಟ್ಟು ಸಿಗುತ್ತದೆ, ಚಿತ್ರ ಸಿಗುವುದಿಲ್ಲ. ಇದು ನಮಗೆ ಒಮ್ಮೆಯಲ್ಲ, ಹಲವು ಬಾರಿ ಆಗಿದೆ, ಮತ್ತು ಪ್ರತಿಸಲವೂ ನಾವು ಬೈದದ್ದು ಮಾಲಿನವರನ್ನು.

ಮಾರುಕಟ್ಟೆ ನೀಡುವ ರಿಯಾಯಿತಿಗಳೆಲ್ಲ ಇದೇ ಜಾತಿಯವು. ಖಾಲಿ ಕುರ್ಚಿ ಹೆಚ್ಚಿರುವ ದಿನಗಳಲ್ಲಿ, ದಿನಕ್ಕೆ ಹತ್ತಾರು ಆಟಗಳಿರುವ ಚಿತ್ರಗಳಿಗೆ ಅವು ಹೊಂದುತ್ತವೆ. 2023ರ ಅಕ್ಟೋಬರಿನಲ್ಲಿ ಪಿವಿಆರ್ ಐನಾಕ್ಸ್ ಸಂಸ್ಥೆ ₹699ಕ್ಕೆ ತಿಂಗಳಲ್ಲಿ 10 ಚಿತ್ರಗಳ ಪಾಸನ್ನು ತಂದಿತು. ಅದು ನಡೆಯುತ್ತಿದ್ದುದು ಸೋಮವಾರದಿಂದ ಗುರುವಾರದವರೆಗೆ. ಮುಂಜಾನೆಯ ಲೋಕಲಿಗೆ ಓಡಿ ರಾತ್ರಿ ಎಂಟಕ್ಕೆ ಮರಳುವ ಕಲ್ಯಾಣದ ಸಂಸಾರಸ್ಥನಿಗೆ ಆ ದಿನಗಳೂ ಇಲ್ಲ, ಆ ದಿನಗಳಲ್ಲಿ ಕನ್ನಡ ಚಿತ್ರವೂ ಇಲ್ಲ. 2022ರ ಸೆಪ್ಟೆಂಬರ್ 23ರಂದು ದೇಶದಾದ್ಯಂತ ₹75ಕ್ಕೆ ಟಿಕೆಟ್ಟು ಕೊಟ್ಟ ಸಿನಿಮಾ ದಿನ ನಡೆಯಿತು. ‘ಕಾಂತಾರ’ ಬಿಡುಗಡೆಯಾದದ್ದು ಸೆಪ್ಟೆಂಬರ್ 30ಕ್ಕೆ. ಅಗ್ಗದ ದಿನವೂ ನಮ್ಮ ಚಿತ್ರವೂ ಒಂದೇ ಒಂದು ವಾರದಿಂದ ತಪ್ಪಿಹೋದವು!

‘ಕಾಂತಾರ’ದ ಪ್ರಸಂಗದಲ್ಲಿ ಇದಕ್ಕಿಂತ ಕಹಿಯಾದದ್ದೂ ಇದೆ. ಅದರ ಹಿಂದಿ ಅವತರಣಿಕೆ ಬಂದದ್ದು ಅಕ್ಟೋಬರ್ 14ಕ್ಕೆ. ಕನ್ನಡದಲ್ಲಿ ನೋಡಲು ದೂರ ಹೋಗಬೇಕೆಂದು ಎರಡು ವಾರ ಸುಮ್ಮನಿದ್ದ ನಮ್ಮವರು, ಮನೆಯ ಹತ್ತಿರದ ಮಾಲಿಗೆ ಹಿಂದಿಯಲ್ಲಿ ಬಂದೊಡನೆ ಸಕುಟುಂಬ ಹೋದರು. ರಿಕ್ಷಾದ ಬಾಡಿಗೆ ಉಳಿಯಿತು, ನಿಜ. ಆದರೆ ಕರಾವಳಿಯ ದೈವದ ಕಥೆಯನ್ನು ಉಡುಪಿಯ ಮೂಲದ ಮಗು ಹಿಂದಿಯಲ್ಲಿ ಕೇಳಿತು, ಮತ್ತು ಆ ನಾಲ್ಕು ಟಿಕೆಟ್ಟುಗಳು ಹಿಂದಿ ಪ್ರೇಕ್ಷಕರ ಲೆಕ್ಕಕ್ಕೆ ಸೇರಿದವು. ಡೊಂಬಿವಲಿಯಲ್ಲಿ ಕನ್ನಡಕ್ಕೆ ಬೇಡಿಕೆಯಿಲ್ಲವೆಂದು ವಿತರಕನೊಬ್ಬ ನಾಳೆ ಹೇಳಿದರೆ ಅವನ ಕೈಯಲ್ಲಿರುವ ಸಾಕ್ಷ್ಯ ನಾವೇ ಒದಗಿಸಿದ್ದು.

ಈ ಸ್ವಭಾವ ನಮಗೆ ಎಲ್ಲಿಂದ ಬಂತು? ಕೇಳಿದರೆ ಬಳಗದ ಹಿರಿಯರಿಗೆ ಬೇಸರವಾಗಬಹುದು. ಆದರೂ ಹೇಳುತ್ತೇವೆ. ನಮ್ಮ ಸಂಘಗಳ ಆಮಂತ್ರಣ ಪತ್ರಿಕೆಗಳ ಕೊನೆಯ ಸಾಲು ಬಹುಕಾಲದಿಂದ ಒಂದೇ: ಪ್ರವೇಶ ಉಚಿತ, ಊಟದ ವ್ಯವಸ್ಥೆ ಇದೆ. ಊರಿನಿಂದ ಬಂದ ಯಕ್ಷಗಾನ ಮೇಳ, ನಾಟಕ, ಕವಿಗೋಷ್ಠಿ, ಎಲ್ಲವೂ ದಾನಿಗಳ ಕೃಪೆ. ರಾತ್ರಿಶಾಲೆಗಳಲ್ಲಿ ಓದುತ್ತಿದ್ದ ಹೊಟೇಲು ಕಾರ್ಮಿಕರ ಕಾಲಕ್ಕೆ ಈ ಔದಾರ್ಯ ಅಗತ್ಯವಾಗಿತ್ತು. ಅದನ್ನು ನಾವು ಗೌರವಿಸುತ್ತೇವೆ. ಆದರೆ ಸ್ವಂತ ಫ್ಲ್ಯಾಟು, ಕಾರು ಇರುವ ತಲೆಮಾರಿಗೂ ಅದೇ ಅಭ್ಯಾಸ ಮುಂದುವರಿದು, ಹಿಂದಿ ಚಿತ್ರಕ್ಕೆ ₹400 ಕೊಡುವ ಕೈ ಕನ್ನಡದ ₹250ಕ್ಕೆ ಹಿಂಜರಿಯುವಂತಾಗಿದೆ. ಕನ್ನಡವೆಂದರೆ ಯಾರೋ ದುಡ್ಡು ಕೊಟ್ಟು ನಮಗೆ ತೋರಿಸತಕ್ಕದ್ದು!

ಹಾಗಾದರೆ ಬಡವರೂ ದುಬಾರಿ ಟಿಕೆಟ್ಟನ್ನೇ ಕೊಳ್ಳಬೇಕೇ? ಬೇಡ. ಒಬ್ಬೊಬ್ಬರೇ ಉಳಿಸುವುದನ್ನು ಬಿಟ್ಟು ಒಟ್ಟಾಗಿ ಉಳಿಸೋಣ ಎನ್ನುತ್ತಿದ್ದೇವೆ. 150 ಆಸನಗಳ ಒಂದು ಪರದೆಯನ್ನು ಬಿಡುಗಡೆಯ ಮೊದಲ ಭಾನುವಾರದ ಬೆಳಗಿನ ಆಟಕ್ಕೆ ಸಂಘವೇ ಇಡಿಯಾಗಿ ಕಾದಿರಿಸಲಿ. ತಲಾ ₹200ರಂತೆ ದರ ಕುದುರಿದರೆ ₹30,000. ಒಟ್ಟಿಗೆ ಕೊಳ್ಳುವವನಿಗೆ ಚೌಕಾಸಿಯ ಬಲವಿದೆ. ಅನುಕೂಲ ಶುಲ್ಕದ ಗೊಡವೆಯಿಲ್ಲ. 120 ಮಂದಿ ಪೂರ್ತಿ ದರ ಕೊಟ್ಟು, ಕ್ಯಾಂಟೀನು, ಕಾವಲಿನ ಕೆಲಸದಲ್ಲಿರುವ 30 ಮಂದಿಗೆ ₹50ರಂತೆ ಕೊಟ್ಟರೆ ಕೊರತೆ ಬೀಳುವುದು ₹4,500. ದರವನ್ನು ₹100ಕ್ಕೇ ಇಳಿಸಿಕೊಳ್ಳಬಲ್ಲ ಚತುರ ಕಾರ್ಯದರ್ಶಿಯಿದ್ದರೆ ಇನ್ನೂ ಒಂದು ಲಾಭ: 2025ರ ಸೆಪ್ಟೆಂಬರ್ 22ರಿಂದ ₹100ರವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ. 5, ಅದನ್ನು ಮೀರಿದರೆ ಶೇ. 18. ಹೀಗೆ ತುಂಬಿದ ಒಂದು ಭಾನುವಾರದ ಆಟ ಸೋಮವಾರದ ಕತ್ತರಿಯನ್ನು ತಡೆಯುತ್ತದೆಂಬ ಭರವಸೆ ನಾವು ಕೊಡಲಾರೆವು; ಖಾಲಿ ಬಿದ್ದದ್ದು ತಡೆಯುವುದಿಲ್ಲವೆಂಬುದನ್ನಂತೂ ಕಂಡಿದ್ದೇವೆ.

ಸಾಹಿತ್ಯದ ಬಳಗಕ್ಕೆ ಸಿನಿಮಾದ ಉಸಾಬರಿ ಏಕೆಂಬ ಆಕ್ಷೇಪವೂ ಬರುತ್ತದೆ. ‘ಸಂಸ್ಕಾರ’ (1970), ‘ಘಟಶ್ರಾದ್ಧ’ (1977) ಚಿತ್ರಗಳ ಹಿಂದೆ ಅನಂತಮೂರ್ತಿಯವರ ಬರಹವಿತ್ತೆಂದು ಅವರಿಗೆ ನೆನಪಿಸಿದರೆ ಸಾಕು. ಬಂದುದನ್ನೆಲ್ಲ ನೋಡಿರೆಂದು ನಾವು ಹೇಳುತ್ತಿಲ್ಲ. ಕೆಟ್ಟ ಚಿತ್ರ ₹50ಕ್ಕೂ ದುಬಾರಿಯೇ. ವರ್ಷಕ್ಕೆ ನಾಲ್ಕನ್ನು ಆರಿಸೋಣ, ಇಂಗ್ಲಿಷ್ ಅಡಿಬರಹವಿದ್ದರೆ ನೆರೆಯ ಮರಾಠಿ ಗೆಳೆಯರನ್ನೂ ಕರೆಯೋಣ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ವಾರ್ಷಿಕೋತ್ಸವದ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಖರ್ಚು ಓದುವಾಗ, ಆ ₹4,500 ಯಾವ ಬಾಬಿನಿಂದ ತೆಗೆಯಬಹುದೆಂದು ನಾವು ಎದ್ದು ನಿಂತು ಕೇಳುವವರಿದ್ದೇವೆ.