75 ಕೆಜಿ ಚೀಲ ಬಿಡೋಣ

ಭತ್ತ ಕೊಯ್ಯೋಕೆ ಮಷಿನ್ ಬಂತು. ಆದ್ರೆ ನಮ್ಮ ಸಾಲಗುಂದ ಕಡೆ ಕಣದಿಂದ ಲಾರಿಗೆ, ಟ್ರೇಲರ್‌ಗೆ ಲೋಡ್ ಏರೋದು ಇವತ್ತಿಗೂ ಹಮಾಲರ ಬೆನ್ನ ಮೇಲೇ. ಒಂದು ಚೀಲ 75 ಕೆಜಿ. ಒಬ್ಬ ಗಂಡಾಳು ಹೊರುವ ಭಾರ 55 ಕೆಜಿ ಮೀರಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ.

ಮುಂದಿನ ಸುಗ್ಗಿಗೆ 50 ಕೆಜಿ ಚೀಲ ತುಂಬೋಣ ಅನ್ನೋದು ನನ್ನ ಅಭಿಪ್ರಾಯ. 15 ಟನ್ ಭತ್ತಕ್ಕೆ 200 ಚೀಲದ ಜಾಗದಲ್ಲಿ 300 ಬೇಕಾಗುತ್ತೆ, ಖರ್ಚು ಹೆಚ್ಚುತ್ತೆ, ನಿಜ. ಹಮಾಲಿಯನ್ನು ಚೀಲಕ್ಕಲ್ಲ, ಕ್ವಿಂಟಲ್‌ಗೆ ಮಾತಾಡಿ. ಚೀಲ ಸಣ್ಣದಾಯ್ತು ಅಂತ ಕೂಲಿ ಮುರೀಬೇಡಿ. ಏರಿ ಇಳಿಯೋದು ಹೆಚ್ಚಾಗುತ್ತೆ, ಸ್ವಲ್ಪ ಸೇರಿಸಿಯೇ ಕೊಡಿ.

ಕ್ವಿಂಟಲ್ ಲೆಕ್ಕದಿಂದ ನಮಗೂ ಲಾಭ ಇದೆ. ಬೆಂಬಲ ಬೆಲೆ ಘೋಷಣೆ ಆಗೋದು ಕ್ವಿಂಟಲ್‌ಗೆ, ಇಲ್ಲಿ ವ್ಯಾಪಾರ ನಡೆಯೋದು 75 ಕೆಜಿ ಚೀಲಕ್ಕೆ. ಚೀಲಕ್ಕೆ 1,500 ರೂಪಾಯಿ ಅಂದ್ರೆ ಕ್ವಿಂಟಲ್‌ಗೆ 2,000. ಮೊಬೈಲ್‌ನಲ್ಲಿ 75ರಿಂದ ಭಾಗಿಸಿ, 100ರಿಂದ ಗುಣಿಸಿ ನೋಡಿ.

ಒಬ್ಬ ರೈತ ಕೇಳಿದ್ರೆ ವ್ಯಾಪಾರಿ ಒಪ್ಪಲಿಕ್ಕಿಲ್ಲ. ಹತ್ತು ಮಂದಿ ಸೇರಿ, ಕೊಯ್ಲಿಗೆ ಮುಂಚೆಯೇ ಮಾತಾಡಿ. ವಿಷ ಇಲ್ಲದ ಅಕ್ಕಿ ಬೆಳೀತೀವಿ ಅನ್ನೋ ನಾವು, ಅದನ್ನ ಹೊರೋರ ಸೊಂಟದ ಬಗ್ಗೆಯೂ ಯೋಚಿಸಬೇಕಲ್ವಾ?