ಗ್ರಹ ಸಾಕು, ಒಂದು ಊರು ಕೊಡಿ

'ನೋ ಮ್ಯಾನ್ಸ್ ಸ್ಕೈ' ಬಗ್ಗೆ ಒಂದೇ ಒಂದು ಕೆಟ್ಟ ಮಾತಾಡಿ ನೋಡಿ. ಅರ್ಧ ನಿಮಿಷದೊಳಗೆ ಯಾರೋ ಒಬ್ಬರು "ನೀವು ಈಗ ಆಡಿಲ್ಲ ಅನ್ಸತ್ತೆ. ಈಗ ಆಡಿ ನೋಡಿ, ಪೂರ್ತಿ ಬದಲಾಗಿದೆ" ಅಂತ ಬಂದೇ ಬರ್ತಾರೆ. ಸ್ವಾಮಿ, ನಾನು ಆಡಿದ್ದೇನೆ. ಆಗಲೂ ಆಡಿದ್ದೇನೆ, ಈಗಲೂ ಆಡ್ತಿದ್ದೇನೆ. ಒಟ್ಟು ಇನ್ನೂರು ಗಂಟೆ ದಾಟಿದೆ. ಬದಲಾಗಿದೆ ಅನ್ನೋದು ನಿಜ. ಬದಲಾಗಬೇಕಾದ್ದು ಮಾತ್ರ ಬದಲಾಗಿಲ್ಲ ಅನ್ನೋದು ನನ್ನ ತಕರಾರು.

ಗೊತ್ತಿಲ್ಲದವರಿಗೆ ಕಥೆ ಚಿಕ್ಕದಾಗಿ. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿರೋ ಹಲೋ ಗೇಮ್ಸ್ ಅನ್ನೋ ಪುಟ್ಟ ಕಂಪನಿ 2013ರ ಡಿಸೆಂಬರ್‌ನಲ್ಲಿ ಈ ಆಟದ ಮೊದಲ ಟ್ರೇಲರ್ ತೋರಿಸಿದಾಗ ಗೇಮ್ ಆಡೋ ಜಗತ್ತೆಲ್ಲ ಬಾಯಿ ಬಿಟ್ಕೊಂಡು ನೋಡಿತು. 2016ರ ಆಗಸ್ಟ್‌ನಲ್ಲಿ ಆಟ ಬಂತು. ಬಂದ ದಿನವೇ ಇಬ್ಬರು ಆಟಗಾರರು ಮಾತಾಡಿಕೊಂಡು ಒಂದೇ ಗ್ರಹದ ಒಂದೇ ಜಾಗದಲ್ಲಿ ನಿಂತರು. ಒಬ್ಬರಿಗೊಬ್ಬರು ಕಾಣಲೇ ಇಲ್ಲ. ಕಂಪನಿಯ ಶಾನ್ ಮರ್ರಿ ಸಂದರ್ಶನಗಳಲ್ಲಿ ಹೇಳಿಕೊಂಡು ಬಂದಿದ್ದ ಎಷ್ಟೋ ಸಂಗತಿ ಆಟದೊಳಗೆ ಇರಲಿಲ್ಲ. ಬೈಗುಳದ ಸುರಿಮಳೆ. ಕಂಪನಿ ಮಾತು ನಿಲ್ಲಿಸಿ ಕೆಲಸಕ್ಕೆ ಕೂತಿತು. 2018ರ 'ನೆಕ್ಸ್ಟ್' ಅಪ್‌ಡೇಟ್‌ನಲ್ಲಿ ಜನ ಕೊನೆಗೂ ಒಬ್ಬರಿಗೊಬ್ಬರು ಕಂಡರು. ಆಮೇಲೆ ಒಂದರ ಹಿಂದೆ ಒಂದು ಅಪ್‌ಡೇಟ್, ಎಲ್ಲ ಪುಕ್ಕಟೆ. 2024ರ ನವೆಂಬರ್ ಹೊತ್ತಿಗೆ ಸ್ಟೀಮ್‌ನಲ್ಲಿ ಅದರ ಒಟ್ಟಾರೆ ವಿಮರ್ಶೆ 'ವೆರಿ ಪಾಸಿಟಿವ್' ಮುಟ್ಟಿತು.

ನಾವು ಸಾಫ್ಟ್‌ವೇರ್‌ನವರಿಗೆ ಈ ಕಥೆ ಕೇಳಿದ್ರೆ ಕಣ್ಣಲ್ಲಿ ನೀರೇ ಬರುತ್ತೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಅರ್ಧ ಬೆಂದ ಪ್ರಾಡಕ್ಟನ್ನ ರಿಲೀಸ್ ಮಾಡೋಕೆ ಹೊರಟಾಗ ಮ್ಯಾನೇಜರ್ ಇದೇ ಆಟದ ಉದಾಹರಣೆ ಕೊಟ್ಟಿದ್ರು. ಮೊದಲು ಬಿಡೋಣ, ಆಮೇಲೆ ಸರಿ ಮಾಡೋಣ, ಜನ ಕ್ಷಮಿಸ್ತಾರೆ ಅಂತ. ಮುಂದಿನ ಮೂರು ವಾರಾಂತ್ಯ ನಾವು ಆಫೀಸಲ್ಲೇ ಕಳೆದ್ವಿ. ಗ್ರಾಹಕರು ಅಷ್ಟರಲ್ಲಿ ಎದ್ದು ಹೋಗಿದ್ರು. ಮೊದಲ ದಿನವೇ ಪೂರ್ತಿ ದುಡ್ಡು ಕೊಟ್ಟು ಕೊಂಡವರು ಅಷ್ಟು ಜನ ಇದ್ದಿದ್ದಕ್ಕೇ ಹಲೋ ಗೇಮ್ಸ್‌ಗೆ ವರ್ಷಗಟ್ಟಲೆ ರಿಪೇರಿ ಮಾಡ್ತಾ ಕೂರೋಕೆ ಆಯ್ತು ಅನ್ನೋದನ್ನ ಈ ಕಥೆ ಹೇಳೋರು ಹೇಳಲ್ಲ. ಹೋಗ್ಲಿ ಬಿಡಿ, ಅದು ನನ್ನ ಹಳೇ ಗಾಯ. ಆಟಕ್ಕೆ ಬರೋಣ.

ಒಳ್ಳೇದನ್ನ ಮೊದಲು ಹೇಳ್ತೀನಿ, ಯಾಕಂದ್ರೆ ಅದು ಸಣ್ಣದಲ್ಲ. ನೆಲದಿಂದ ಹಡಗು ಏರಿಸಿ, ಮೋಡ ಸೀಳಿಕೊಂಡು, ಆಕಾಶದ ಬಣ್ಣ ತಿಳಿಯಾಗಿ ಕಪ್ಪಾಗೋದನ್ನ ನೋಡ್ತಾ, ಪಕ್ಕದ ಗ್ರಹದತ್ತ ಮೂತಿ ತಿರುಗಿಸಿ ಅಲ್ಲಿ ಇಳಿಯೋ ತನಕ ಎಲ್ಲೂ ಒಂದು ಲೋಡಿಂಗ್ ಪರದೆ ಬರಲ್ಲ. 2023ರಲ್ಲಿ ಬಂದ 'ಸ್ಟಾರ್‌ಫೀಲ್ಡ್' ಇಷ್ಟು ದೊಡ್ಡ ಬಜೆಟ್ ಇಟ್ಕೊಂಡೂ ಇದನ್ನ ಕೊಡಲಿಲ್ಲ. ಅಲ್ಲಿ ಇಳಿಯೋದು ಅಂದ್ರೆ ನಕ್ಷೆ ಮೇಲೆ ಒಂದು ಕ್ಲಿಕ್, ಒಂದು ಸಣ್ಣ ಸಿನಿಮಾ, ಅಷ್ಟೇ.

ಇನ್ನೊಂದು, ಭಾಷೆ. ಈ ಆಟದಲ್ಲಿ ಗೆಕ್, ಕೊರ್ವಾಕ್ಸ್, ವೈಕೀನ್ ಅಂತ ಮೂರು ಮುಖ್ಯ ಜನಾಂಗ, ಮೂರಕ್ಕೂ ಬೇರೆ ಬೇರೆ ಭಾಷೆ. ಶುರುವಿನಲ್ಲಿ ಅವರಾಡೋದು ಒಂದಕ್ಷರ ತಿಳಿಯಲ್ಲ. ಅಲ್ಲಲ್ಲಿ ನಿಂತಿರೋ ಕಲ್ಲುಗಳನ್ನ ಮುಟ್ಟಿದರೆ ಒಂದು ಪದ, ದಾರೀಲಿ ಸಿಕ್ಕವರನ್ನ ಕೇಳಿದರೆ ಒಂದು ಪದ. ಹೀಗೆ ಒಂದೊಂದೇ ಕೂಡಿಸಿಕೊಂಡು ಹತ್ತಿಪ್ಪತ್ತು ಗಂಟೆ ಆದಮೇಲೆ ಎದುರಿನವನ ವಾಕ್ಯದಲ್ಲಿ ಎರಡು ಪದ ಬೆಳಕು ಹತ್ತಿದ ಹಾಗೆ ತಿಳಿದುಬಿಡುತ್ತೆ. ಅವನು ಬೈತಿದ್ದಾನೋ ಸಹಾಯ ಕೇಳ್ತಿದ್ದಾನೋ ಅಂತ ಊಹಿಸಬಹುದು. ಬೆಂಗಳೂರಿಗೆ ಬಂದು ಹತ್ತು ವರ್ಷ ಆದ್ರೂ 'ಕನ್ನಡ್ ಗೊತ್ತಿಲ್ಲ' ಅನ್ನೋ ನಮ್ಮ ಸಹೋದ್ಯೋಗಿಗಳಿಗೆ ನಾನು ಈ ಆಟ ಗಿಫ್ಟ್ ಕೊಡೋದು ಈ ಒಂದು ಕಾರಣಕ್ಕೆ.

ಸರಿ, ಈಗ ಜಗಳ.

ಈ ಆಟ ಮಾರಿದ್ದು ಒಂದು ಸಂಖ್ಯೆಯನ್ನ: 18,446,744,073,709,551,616 ಗ್ರಹ. ನಮ್ಮ ಲೆಕ್ಕದಲ್ಲಿ ಸುಮಾರು 1.84 ಲಕ್ಷ ಕೋಟಿ ಕೋಟಿ. ಸೆಕೆಂಡಿಗೆ ಒಂದು ಗ್ರಹ ನೋಡ್ತಾ ಹೋದ್ರೂ ಮುಗಿಸೋಕೆ 58 ಸಾವಿರ ಕೋಟಿ ವರ್ಷಕ್ಕಿಂತ ಹೆಚ್ಚು ಬೇಕು. ನಿಜವಾದ ವಿಶ್ವಕ್ಕೇ ಇನ್ನೂ ಸುಮಾರು 1,380 ಕೋಟಿ ವರ್ಷ. ಕೋಡ್ ಬರೆಯೋರಿಗೆ ಆ ಸಂಖ್ಯೆ ನೋಡಿದ ಕೂಡಲೇ ನಗು ಬರಬೇಕಿತ್ತು, ಯಾಕಂದ್ರೆ ಅದು 2ರ 64ನೇ ಘಾತ. ಯಾರೋ ಕೂತು ಗ್ರಹ ಮಾಡಿಲ್ಲ. 64 ಬಿಟ್‌ನ ಒಂದು ಬೀಜಸಂಖ್ಯೆಯನ್ನ ಸೂತ್ರಕ್ಕೆ ಹಾಕಿದರೆ ಬೆಟ್ಟ, ಹುಲ್ಲು, ಪ್ರಾಣಿ ಎಲ್ಲ ಹುಟ್ಟುತ್ತೆ. ನೀವು ಅಲ್ಲಿಂದ ಹೋದ ಮೇಲೆ ಆ ಗ್ರಹ ಎಲ್ಲೂ ಇರಲ್ಲ, ಮತ್ತೆ ಬಂದಾಗ ಮತ್ತೆ ಲೆಕ್ಕ ಹಾಕ್ತಾರೆ. ಜಾಣತನದ ಕೆಲಸವೇ, ಇಲ್ಲ ಅನ್ನಲ್ಲ. ಆದರೆ ಅದು ವೇರಿಯಬಲ್‌ನ ಗಾತ್ರ. ಅದನ್ನ ವಿಶ್ವದ ಗಾತ್ರ ಅಂತ ನಮಗೆ ಮಾರಿದರು, ನಾವು ಕೊಂಡ್ವಿ.

ಫಲ ಏನು? ಒಂದು ಗ್ರಹ ಅಂದ್ರೆ ಸಾಮಾನ್ಯವಾಗಿ ಒಂದೇ ಹವಾಮಾನ. ಮರುಭೂಮಿ ಅಂದ್ರೆ ಈ ಧ್ರುವದಿಂದ ಆ ಧ್ರುವದವರೆಗೂ ಮರುಭೂಮಿ. ಇಳಿದು ಹತ್ತು ನಿಮಿಷ ಸುತ್ತಿದರೆ ಇಡೀ ಗ್ರಹ ನೋಡಿದ ಹಾಗೇ. ಗ್ರಹಗಳು ನಕ್ಷತ್ರದ ಸುತ್ತ ಸುತ್ತೋದೂ ಇಲ್ಲ, ಇಟ್ಟಲ್ಲೇ ಇರ್ತವೆ. ಇನ್ನು, ಹೊಸ ಗ್ರಹಕ್ಕೆ ಕಾಲಿಟ್ಟ ಕೂಡಲೇ 'ಕಂಡುಹಿಡಿದವರು' ಅಂತ ನಮ್ಮ ಹೆಸರು ದಾಖಲಾಗುತ್ತೆ, ಗ್ರಹಕ್ಕೆ ನಾವೇ ಹೆಸರಿಡಬಹುದು. ಎದೆ ಉಬ್ಬಿಸಿಕೊಂಡು ತಲೆ ಎತ್ತಿ ನೋಡಿದ್ರೆ, ಬಹಳಷ್ಟು ಕಡೆ ಅಲ್ಲಿ ಆಗಲೇ ಒಬ್ಬ ಗೆಕ್ ಅಂಗಡಿ ಇಟ್ಕೊಂಡು ಕೂತಿರ್ತಾನೆ! ತಲೆ ಮೇಲೆ ಅವರ ಹಡಗುಗಳು ಓಡಾಡ್ತಿರ್ತವೆ. ಅವರಿದ್ದ ಊರನ್ನ ನಾನು ಕಂಡುಹಿಡಿದೆನಂತೆ. ವಾಸ್ಕೋ ಡ ಗಾಮನಿಗೆ ಕಲ್ಲಿಕೋಟೆಯಲ್ಲಿ ಹೀಗೇ ಅನಿಸಿರಬೇಕು.

ಅಪ್‌ಡೇಟ್‌ಗಳು ಏನು ಕೊಟ್ಟವು ಅಂತ ನೋಡಿ. ಮನೆ ಕಟ್ಟೋದು, ನೆಲದ ಮೇಲೆ ಓಡಿಸೋ ಗಾಡಿ, ದೊಡ್ಡ ಸರಕು ಹಡಗು, ಪ್ರಾಣಿ ಸಾಕೋದು, ಅಡುಗೆ, ಮೀನು ಹಿಡಿಯೋದು. ಎಲ್ಲ ಚೆನ್ನಾಗಿದೆ. ಆದರೆ ಒಂದೂ ಹುಡುಕಾಟಕ್ಕೆ ಸಂಬಂಧಪಟ್ಟಿದ್ದಲ್ಲ. ನೋಡೋಕೆ ಏನೂ ಇಲ್ಲದ ಜಾಗದಲ್ಲಿ ಹೊತ್ತು ಕಳೆಯೋಕೆ ಮಾಡಿಕೊಟ್ಟ ವ್ಯವಸ್ಥೆ. ಜೊತೆಗೆ ಸೂತ್ರ ಬದಲಾದಾಗ ಗ್ರಹಗಳೂ ಬದಲಾದವು. 'ನೆಕ್ಸ್ಟ್' ಬಂದಾಗ ಎಷ್ಟೋ ಜನ ಹಸಿರು ಗ್ರಹ ಅಂತ ಮನೆ ಕಟ್ಟಿಕೊಂಡಿದ್ದವರು ಮರುದಿನ ಬೋಳು ಗುಡ್ಡದ ಮೇಲೆ ಕಣ್ಣು ಬಿಟ್ಟರು.

"ಇದು ಆರಾಮಾಗಿ ಆಡೋ ಆಟ ಮಾರಾಯ, ಆಫೀಸ್ ಮುಗಿಸಿ ಬಂದು ತಲೆ ಹಗುರ ಮಾಡಿಕೊಳ್ಳೋಕೆ" ಅಂತ ನನ್ನ ರೂಮ್‌ಮೇಟ್ ವಾದ. ಒಪ್ತೀನಿ ಅನ್ನೋಣ ಅಂದ್ರೆ, ಆರಾಮಾಗಿ ಇರೋಕೆ ಎಲ್ಲಿ ಬಿಡುತ್ತೆ? ಉಸಿರಿಗೆ ಆಕ್ಸಿಜನ್ ತುಂಬಿಸು, ರಕ್ಷಣೆಯ ಸೂಟಿಗೆ ಸೋಡಿಯಂ ತುಂಬಿಸು, ಹಡಗು ಏರಿಸೋಕೆ ಇಂಧನ ಮಾಡ್ಕೋ, ಚೀಲ ತುಂಬಿತು, ಏನಾದ್ರೂ ಬಿಸಾಕು. ಜಿರಾ ಬೋರ್ಡ್ ಮುಚ್ಚಿಟ್ಟು ಬಂದವನಿಗೆ ಇನ್ನೊಂದು ಜಿರಾ ಬೋರ್ಡ್.

ಹಾಗಂತ ಸೂತ್ರದಿಂದ ಹುಟ್ಟಿಸೋದೇ ತಪ್ಪು ಅಂತಲ್ಲ. 'ಮೈನ್‌ಕ್ರಾಫ್ಟ್' ಪ್ರಪಂಚವೂ ಸೂತ್ರದಿಂದಲೇ ಹುಟ್ಟೋದು. ಆದರೆ ಅಲ್ಲಿ ಕಾಡಿನ ಪಕ್ಕ ಬಯಲು, ಬಯಲಿನ ಪಕ್ಕ ಹಿಮ. ಗುಹೆಯಲ್ಲಿ ದಾರಿ ತಪ್ಪಿದರೆ ನಿಜವಾಗಿ ತಪ್ಪುತ್ತೆ, ವಾಪಸ್ ಬರೋಕೆ ಗುರುತು ಇಟ್ಕೊಂಡೇ ಹೋಗಬೇಕು. ಇಲ್ಲಿ ನಾನು ಎಲ್ಲಿದ್ರೂ ಒಂದು ಬಟನ್ ಒತ್ತಿದರೆ ಹಡಗು ಪಕ್ಕಕ್ಕೇ ಬಂದು ನಿಲ್ಲುತ್ತೆ. ವಾಪಸ್ ನಡೆಯೋ ಪ್ರಶ್ನೆಯೇ ಇಲ್ಲ. ವಾಪಸ್ ನಡೆಯದ ದಾರಿ ಯಾರಿಗೆ ನೆನಪಿರುತ್ತೆ?

ನನ್ನ ಪಟ್ಟಿಯಲ್ಲಿ ನಾನೇ ಹೆಸರಿಟ್ಟ ಅರವತ್ತಕ್ಕೂ ಹೆಚ್ಚು ಗ್ರಹಗಳಿವೆ. ಅದರಲ್ಲಿ ನೆನಪಿರೋದು ಒಂದೇ, ಮೊದಲನೇದು. ಅದಕ್ಕೆ 'ಕೊಪ್ಪ' ಅಂತ ಹೆಸರಿಟ್ಟಿದ್ದೆ, ಯಾಕಂದ್ರೆ ನಮ್ಮೂರಿನ ಹಾಗೇ ಬಿಡದ ಮಳೆ. ವಿಷದ ಮಳೆ, ಅಷ್ಟೇ ವ್ಯತ್ಯಾಸ. ಅಲ್ಲಿ ಹಡಗು ಕೆಟ್ಟು ನಿಂತಿತ್ತು. ರಿಪೇರಿ ಸಾಮಾನು ಹುಡುಕ್ತಾ ಎರಡು ಗಂಟೆ ನಡೆದಾಡಿದ್ದೆ, ಮಳೆ ಜೋರಾದಾಗ ಒಂದು ಗುಹೆಯಲ್ಲಿ ಕೂತಿದ್ದೆ. ಆ ಗುಹೆ ಬಾಯಲ್ಲಿ ಎಡಗಡೆ ಇದ್ದ ಗಿಡ ಇವತ್ತಿಗೂ ಕಣ್ಮುಂದೆ ಇದೆ. ಹಡಗು ಹಾರಿದ ಮೇಲೆ ನೋಡಿದ ಉಳಿದವೆಲ್ಲ ಬಸ್ಸಿನ ಕಿಟಕಿಯಿಂದ ಕಂಡ ಊರುಗಳ ಹಾಗೆ ಹೋದವು.

ಇದಕ್ಕೆ ಉತ್ತರ 2019ರಲ್ಲೇ ಬಂದಿದೆ. 'ಔಟರ್ ವೈಲ್ಡ್ಸ್' ಆಡಿ. ಒಂದೇ ಸೌರಮಂಡಲ, ಬೆರಳಲ್ಲಿ ಎಣಿಸುವಷ್ಟು ಗ್ರಹ, ಅದೂ ಪುಟಾಣಿ. ಆದರೆ ಅವು ನಿಜವಾಗಿ ಸೂರ್ಯನ ಸುತ್ತ ಸುತ್ತುತ್ತವೆ. ಅಲ್ಲೊಂದು ಜೋಡಿ ಗ್ರಹ ಇದೆ. ಒಂದರ ಮರಳು ಇನ್ನೊಂದಕ್ಕೆ ಸುರಿಯುತ್ತಾ ಹೋಗುತ್ತೆ. ಇಲ್ಲಿ ಹೂತಿದ್ದು ಮೇಲೆ ಬರುತ್ತೆ, ಅಲ್ಲಿ ತೆರೆದಿದ್ದ ಗುಹೆ ಮುಚ್ಚುತ್ತೆ. ತಡವಾಗಿ ಹೋದ್ರೆ ಬಾಗಿಲು ಸಿಗಲ್ಲ. 22 ನಿಮಿಷಕ್ಕೆ ಎಲ್ಲ ಮುಗಿದು ಮತ್ತೆ ಮೊದಲಿನಿಂದ ಶುರು. ಬಂದೂಕಿಲ್ಲ, ಲೆವೆಲ್ ಇಲ್ಲ. ಕೈಯಲ್ಲಿ ಉಳಿಯೋದು ನೀವು ತಿಳಿದುಕೊಂಡದ್ದು ಮಾತ್ರ. ಇದಕ್ಕಿಂತ ಹೆಚ್ಚು ಹೇಳಿದರೆ ಆಟ ಕೆಡಿಸಿದ ಪಾಪ ನನಗೆ. ಕಷ್ಟ ಇದೆ, ಒಂದೆರಡು ಕಡೆ ಸಿಟ್ಟು ಬಂದು ಕಂಟ್ರೋಲರ್ ಎಸೆಯೋ ಹಾಗಾಗುತ್ತೆ. ಆದರೆ ಅಲ್ಲಿನ ಒಂದೊಂದು ಗ್ರಹದ ದಾರಿಯನ್ನೂ ನಾನು ಈಗ ಪೇಪರ್ ಮೇಲೆ ಬರೆದು ತೋರಿಸಬಲ್ಲೆ.

2023ರ ಡಿಸೆಂಬರ್‌ನಲ್ಲಿ ಹಲೋ ಗೇಮ್ಸ್ ತನ್ನ ಮುಂದಿನ ಆಟ ಘೋಷಿಸಿತು, 'ಲೈಟ್ ನೋ ಫೈರ್'. ಈ ಸಲ ಒಂದೇ ಗ್ರಹವಂತೆ. ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟುವಷ್ಟರಲ್ಲಿ ಮುಂದಿನ ಮಾತು ಬಂತು, ಆ ಗ್ರಹ ಭೂಮಿಯಷ್ಟೇ ದೊಡ್ಡದಂತೆ. ಮತ್ತೆ ಅಳತೆ! ಮರ್ರಿ ಅವರೇ, ದೊಡ್ಡದೋ ಚಿಕ್ಕದೋ ನಾನು ಕೇಳಲ್ಲ. ಅಲ್ಲಿ ದಾರಿ ತಪ್ಪೋಕೆ ಬಿಡ್ತೀರಾ, ಇಲ್ಲ ಅಲ್ಲೂ ಒಂದು ಬಟನ್ ಒತ್ತಿದರೆ ಹಡಗು ಬರುತ್ತಾ?